ಮಡಚಿಟ್ಟ ಚಾಕು

ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯ ತೋಟದ ಮನೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಹಳೆಯ ಚಾಕು ಹುಡುಕಿಕೊಂಡು ಅಲೆಯುವವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಎಲೆಯಡಿಕೆ ಸಂಚಿಯಲ್ಲಿ ಹತ್ತಾರು ವರ್ಷ ಬಿದ್ದಿದ್ದ ಮಡಚುವ ಚಾಕು. ಅಡಿಕೆ ಹೋಳು ಮಾಡಿ, ಸುಣ್ಣ ತೆಗೆದು, ಬೇವಿನ ಕಡ್ಡಿ ಸವರಿ ಅಲಗು ಅರ್ಧಕ್ಕೆ ಸವೆದಿರುತ್ತದೆ. ಬಣ್ಣ ಇದ್ದಲು ಕಪ್ಪು. ಆದರೂ ಉಗುರಿನಿಂದ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ತುಕ್ಕು ಎಲ್ಲೂ ತಿಂದಿರುವುದಿಲ್ಲ. ಅದೇ ಮನೆಯ ಟ್ರಂಕಿನಲ್ಲಿ ಇನ್ನೊಂದು ಚಾಕು. ಒಳ್ಳೆಯ ವಿಲಾಯಿತಿ ಮಾಲು. ಹಾಳಾದೀತೆಂದು ಒಂದು ದಿನವೂ ಬಳಸದೆ, ಚರ್ಮದ ಚೀಲಕ್ಕೆ ಹಾಕಿ, ಮೇಲೆ ಬಟ್ಟೆ ಸುತ್ತಿ ಜೋಪಾನ ಮಾಡಿದ್ದು. ಅದರ ಅಲಗು ಜಪ್ಪಯ್ಯ ಎಂದರೂ ಬಿಚ್ಚುವುದಿಲ್ಲ.

ಇದಕ್ಕೆ ಊರಿನಲ್ಲಿ ಎರಡು ಉತ್ತರ ಸಿದ್ಧವಿವೆ. ‘ಹಳೇ ಕಾಲದ ಕಬ್ಬಿಣವೇ ಬೇರೆ’ ಎನ್ನುವುದು ಒಂದು. ಇದು ನಿಲ್ಲುವುದಿಲ್ಲ, ಯಾಕೆಂದರೆ ಟ್ರಂಕಿನ ಚಾಕುವೂ ಹಳೇ ಕಾಲದ್ದೇ. ‘ಬಳಸೋ ಚಾಕು ತುಕ್ಕು ಹಿಡಿಯಲ್ಲ’ ಎನ್ನುವುದು ಇನ್ನೊಂದು. ಇದು ಅನುಭವದ ಮಾತು, ಸರಿಯಾದ ಮಾತು. ಆದರೆ ಏಕೆ ಎಂದು ಅದು ಹೇಳುವುದಿಲ್ಲ. ಉಜ್ಜಾಟಕ್ಕೆ ತುಕ್ಕು ಕಳಚಿಹೋಗುತ್ತದೆ ಎನ್ನೋಣವೆಂದರೆ, ಅಡಿಕೆ ಎಂದೂ ತಾಗದ ಅಲಗಿನ ಬುಡವೂ ಸಂಚಿಯ ಚಾಕುವಿನಲ್ಲಿ ಗಟ್ಟಿಯಾಗಿಯೇ ಇರುತ್ತದೆ.

ಹಾಗಾದರೆ ನಮ್ಮ ಮುಂದಿರುವುದು ಎರಡು ಪ್ರಶ್ನೆ. ಮುಚ್ಚಿಟ್ಟದ್ದನ್ನು ತಿಂದದ್ದು ಏನು? ತೆರೆದಿಟ್ಟದ್ದನ್ನು ಕಾಯ್ದದ್ದು ಏನು?

ಕೀಲಿನ ಸುತ್ತ

ಮಡಚುವ ಚಾಕುವಿನ ರಚನೆ ಸರಳ. ಒಂದು ಅಲಗು, ಅದು ತಿರುಗಲು ಒಂದು ಕೀಲು, ಅಲಗಿನ ಬುಡವನ್ನು ಸದಾ ಒತ್ತಿ ಹಿಡಿದಿರುವ ಬೆನ್ನಿನ ಸ್ಪ್ರಿಂಗು, ಅಕ್ಕಪಕ್ಕ ಎರಡು ತೆಳುವಾದ ಹಿತ್ತಾಳೆ ತಗಡು, ಅವುಗಳ ಮೇಲೆ ಮೂಳೆ, ಕೊಂಬು, ಮರ ಇಲ್ಲವೇ ಪ್ಲಾಸ್ಟಿಕ್ಕಿನ ಹಿಡಿ. ಮಡಚುವಾಗ ‘ಟಕ್’ ಎನ್ನುವುದು ಬೆನ್ನಿನ ಸ್ಪ್ರಿಂಗಿನ ಸದ್ದು. ಬಲ್ಲ ಸಂಗ್ರಹಕಾರರು ಹಳೆ ಚಾಕು ಕೈಗೆ ಬಂದರೆ ಬೆಲೆ ಕೇಳುವ ಮೊದಲು ಆ ಸದ್ದು ಕೇಳುತ್ತಾರೆ. (ಸಿನಿಮಾದಲ್ಲಿ ಖಳನಾಯಕ ಗುಂಡಿ ಒತ್ತಿ ಚಿಮ್ಮಿಸುತ್ತಿದ್ದ ಬಟನ್ ಚಾಕು ಬೇರೆ ಜಾತಿ. ಇಲ್ಲಿ ಅದರ ಮಾತಿಲ್ಲ.)

ಈ ಭಾಗಗಳಿಗಿಂತ ಅವುಗಳ ನಡುವಿನ ಸಂದು ನಮ್ಮ ಕಥೆಗೆ ಹೆಚ್ಚು ಬೇಕಾದದ್ದು. ಅಡಿಗೆಮನೆಯ ಚಾಕುವನ್ನು ತೊಳೆದು ಒರೆಸಿದರೆ ಮುಗಿಯಿತು. ಮಡಚುವ ಚಾಕುವಿನಲ್ಲಿ ಅಲಗಿಗೂ ತಗಡಿಗೂ ನಡುವೆ, ಕೀಲಿಗೂ ಅದರ ತೂತಿಗೂ ನಡುವೆ, ಸ್ಪ್ರಿಂಗಿನ ಅಡಿಯಲ್ಲಿ, ಒರೆಸುವ ಬಟ್ಟೆ ತಲುಪದ ಜಾಗಗಳಿವೆ. ಅಲ್ಲಿಗೆ ನುಗ್ಗಲು ನೀರಿಗೆ ಯಾರ ನೆರವೂ ಬೇಡ. ಸಂದು ಕಿರಿದಾದಷ್ಟೂ ಅದು ತಾನಾಗಿಯೇ ಒಳಗೇರುತ್ತದೆ. ಹೊರಬರಬೇಕಾದರೆ ಮಾತ್ರ ಒಳಗೆ ಗಾಳಿಯಾಡಬೇಕು.

ಒಂದು ಹನಿ ಉಪ್ಪುನೀರು

ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು ಎಂದು ಶಾಲೆಯಲ್ಲಿ ಓದಿದ್ದೇವೆ. ಮೂರು ಪ್ರನಾಳ, ಮೂರು ಮೊಳೆಗಳ ಆ ಚಿತ್ರ ಯಾರಿಗೂ ಮರೆತಿರಲಾರದು. ಪಾಠದಲ್ಲಿ ತಪ್ಪಿಲ್ಲ. ಆದರೆ ಅದನ್ನು ಓದಿದವರ ತಲೆಯಲ್ಲಿ ಒಂದು ಅಡ್ಡ ಊಹೆ ಕೂತುಬಿಡುತ್ತದೆ: ಗಾಳಿ ಹೆಚ್ಚು ತಾಗಿದಲ್ಲಿ ಕಬ್ಬಿಣ ಹೆಚ್ಚು ಸವೆಯುತ್ತದೆ, ಮುಚ್ಚಿಟ್ಟರೆ ಉಳಿಯುತ್ತದೆ. ಟ್ರಂಕಿನ ಚಾಕುವಿಗೆ ಬಟ್ಟೆ ಸುತ್ತಿದವರ ಮನಸ್ಸಿನಲ್ಲಿ ಇದ್ದದ್ದೂ ಇದೇ.

ಕೇಂಬ್ರಿಡ್ಜಿನಲ್ಲಿದ್ದ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಈ ಊಹೆಯನ್ನು ಒಂದು ಹನಿ ಉಪ್ಪುನೀರಿನಿಂದ ಬುಡಮೇಲು ಮಾಡಿದರು. ಚೆನ್ನಾಗಿ ಹೊಳಪು ಮಾಡಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿ. ಆ ನೀರಿಗೆ ಮೊದಲೇ ಎರಡು ರಾಸಾಯನಿಕ ಬೆರೆಸಿದೆ. ಕಬ್ಬಿಣ ಕರಗಿದ ಕಡೆ ಒಂದು ನೀಲಿಯಾಗುತ್ತದೆ, ಕ್ಷಾರ ಹುಟ್ಟಿದ ಕಡೆ ಇನ್ನೊಂದು ಗುಲಾಬಿಯಾಗುತ್ತದೆ. ಕೊಂಚ ಹೊತ್ತಿಗೆ ಹನಿಯ ನಡುಭಾಗ ನೀಲಿಗಟ್ಟಿತು, ಅಂಚು ಗುಲಾಬಿಗಟ್ಟಿತು. ಇನ್ನೂ ಕಾದರೆ ಇವೆರಡರ ನಡುವೆ ತುಕ್ಕಿನ ಕಂದು ಬಳೆ ಮೂಡಿತು.

ಇದರ ಅರ್ಥ ಸ್ವಲ್ಪ ನಿಧಾನವಾಗಿ ನೋಡಬೇಕು. ಕಬ್ಬಿಣದ ಪರಮಾಣು ನೀರಿಗಿಳಿಯುವಾಗ ತನ್ನ ಎರಡು ಎಲೆಕ್ಟ್ರಾನುಗಳನ್ನು ಲೋಹದಲ್ಲೇ ಬಿಟ್ಟುಹೋಗುತ್ತದೆ. ಆ ಎಲೆಕ್ಟ್ರಾನುಗಳನ್ನು ಯಾರಾದರೂ ತೆಗೆದುಕೊಳ್ಳುವವರಿದ್ದರೆ ಮಾತ್ರ ಕರಗುವಿಕೆ ಮುಂದುವರಿದೀತು. ತೆಗೆದುಕೊಳ್ಳುವುದು ನೀರಿನಲ್ಲಿ ಬೆರೆತ ಆಮ್ಲಜನಕ. ಹನಿಯ ಅಂಚು ತೆಳು, ಹೊರಗಿನ ಗಾಳಿಗೆ ಹತ್ತಿರ, ಅಲ್ಲಿ ಆಮ್ಲಜನಕ ಧಾರಾಳ. ನಡುಭಾಗ ದಪ್ಪ, ಅಲ್ಲಿದ್ದ ಆಮ್ಲಜನಕ ಬೇಗ ಖರ್ಚಾಗುತ್ತದೆ, ಹೊಸದು ತಲುಪುವುದು ತಡ. ಹೀಗಾಗಿ ಅಂಚು ಎಲೆಕ್ಟ್ರಾನು ಬೇಡುತ್ತದೆ, ನಡುಭಾಗ ಕರಗಿ ತೆರುತ್ತದೆ. ಒಂದೇ ತಗಡು, ಒಂದೇ ಹನಿ, ಆದರೂ ಅದೊಂದು ಪೂರ್ತಿ ಬ್ಯಾಟರಿ. ಲೋಹದೊಳಗೆ ವಿದ್ಯುತ್ತು ಹರಿಯುತ್ತಿರುತ್ತದೆ. ಇದನ್ನು ‘ಗಾಳಿಯಂತರದ ಸವೆತ’ ಎಂದು ಕರೆಯೋಣ.

ಇದರಿಂದ ಎರಡು ವಿಷಯ ಹೊರಬೀಳುತ್ತವೆ, ಎರಡೂ ನಮ್ಮ ರೂಢಿಯ ತಿಳಿವಳಿಕೆಗೆ ಎದುರು. ಕಬ್ಬಿಣ ಸವೆಯುವುದು ಗಾಳಿ ಕಡಿಮೆ ಸಿಗುವ ಕಡೆ. ತುಕ್ಕು ಕಾಣಿಸುವುದು ಮಾತ್ರ ಬೇರೆ ಕಡೆ, ಕರಗಿದ ಕಬ್ಬಿಣ ಹೊರಗೆ ಹರಿದು ಬಂದು ಆಮ್ಲಜನಕವನ್ನು ಸಂಧಿಸುವಲ್ಲಿ. ಗಾಯ ಒಂದು ಕಡೆ, ಕಲೆ ಇನ್ನೊಂದು ಕಡೆ.

ಈಗ ಮಡಚಿದ ಚಾಕುವಿಗೆ ಬನ್ನಿ. ಹಿಡಿಯ ಬಾಯಲ್ಲಿ, ಅಲಗು ಒಳಗೆ ಹೋಗುವ ಗೆರೆಯ ಉದ್ದಕ್ಕೂ ಒಂದಿಷ್ಟು ಕೆಂಪು ಪುಡಿ ಕಾಣುತ್ತದೆ. ನೋಡಿದವರು ಅದನ್ನು ಒರೆಸಿ, ‘ಮೇಲೆ ಮೇಲೆ ಸ್ವಲ್ಪ ತುಕ್ಕಿತ್ತು’ ಎಂದು ಸಮಾಧಾನಪಡುತ್ತಾರೆ. ಆ ಪುಡಿ ಹೊರಗಿನ ಅಂಚಿನದಲ್ಲ. ಕೀಲಿನ ಸುತ್ತ, ಸ್ಪ್ರಿಂಗಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಸಂದಿನಲ್ಲಿ ಕರಗಿದ ಕಬ್ಬಿಣ ಅದು. ಬಾಯಲ್ಲಿ ಪುಡಿ ಕಂಡಾಗ ಕೀಲನ್ನು ಪರೀಕ್ಷಿಸಬೇಕು.

ಮುಂದಿನ ಅನಾಹುತಕ್ಕೆ ತುಕ್ಕಿನ ಗಾತ್ರ ಕಾರಣ. ಬಾಣಲೆಯಲ್ಲಿ ಹುರಿದ ಭತ್ತ ಅರಳಾಗಿ ಸಿಪ್ಪೆ ಸೀಳಿಕೊಂಡು ಬರುವುದನ್ನು ನೋಡಿದ್ದೀರಲ್ಲ. ಕಬ್ಬಿಣವೂ ತುಕ್ಕಾದಾಗ ತಾನಿದ್ದ ಜಾಗದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಅರಳಿನ ಹಾಗೆಯೇ ಒಳಗೆಲ್ಲ ಟೊಳ್ಳು, ಒಂದಕ್ಕೊಂದು ಅಂಟಿಕೊಳ್ಳದು. ಕೀಲಿನ ತೂತಿನಲ್ಲಿ ಇಷ್ಟು ಜಾಗ ಎಲ್ಲಿಂದ ಬರಬೇಕು? ಕೀಲು ಬಿಗಿದುಕೊಳ್ಳುತ್ತದೆ, ಹಿತ್ತಾಳೆ ತಗಡು ಉಬ್ಬುತ್ತದೆ, ಮೂಳೆಯ ಹಿಡಿ ಮೊಳೆಯಿರುವಲ್ಲಿಂದ ಬಿರುಕು ಬಿಡುತ್ತದೆ. ಹಿಡಿ ಒಡೆದ ಹಳೆ ಚಾಕು ಕಂಡರೆ ಯಾರೋ ಎತ್ತಿ ಹಾಕಿರಬೇಕು ಎಂದು ಊಹಿಸುತ್ತೇವೆ. ಎಷ್ಟೋ ಬಾರಿ ಅದನ್ನು ಒಡೆದದ್ದು ಒಳಗಿನ ತುಕ್ಕೇ. ಟೊಳ್ಳಾದ ತುಕ್ಕು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸವೆತಕ್ಕೆ ಬೇಕಾದ ಒದ್ದೆಯೂ ಅಲ್ಲೇ ಸಿಗುತ್ತದೆ.

ಸತ್ಯಮಂಗಲದ ಬೆರಳಚ್ಚು

ಆದರೆ ಟ್ರಂಕಿನಲ್ಲಿ ಉಪ್ಪುನೀರು ಎಲ್ಲಿಂದ ಬಂತು?

ತುಮಕೂರಿನ ಅಂಚಿನ ಸತ್ಯಮಂಗಲ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಲೇತು, ಗ್ರೈಂಡಿಂಗ್ ಮೆಷೀನಿನ ಮುಂದೆ ನಿಂತು ದುಡಿದವರಿಗೆ ಇದರ ಉತ್ತರ ಪುಸ್ತಕವಿಲ್ಲದೆ ಗೊತ್ತು. ಗ್ರೈಂಡಿಂಗ್ ಮುಗಿದು ಕನ್ನಡಿಯಾದ ಉಕ್ಕಿನ ಬಿಡಿಭಾಗವನ್ನು ಬರಿಗೈಯಲ್ಲಿ ಮುಟ್ಟಿ ಎಣ್ಣೆ ಹಚ್ಚದೆ ಬಿಟ್ಟರೆ ಮಾರನೆಯ ದಿನವೋ ಅದರ ಮಾರನೆಯ ದಿನವೋ ಮುಟ್ಟಿದವರ ಬೆರಳಚ್ಚು ತುಕ್ಕಿನಲ್ಲಿ ಮೂಡಿರುತ್ತದೆ, ಗೆರೆ ಗೆರೆ ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಎಲ್ಲರ ಕೈಯೂ ಒಂದೇ ಅಲ್ಲ. ಬೆವರಿನ ಉಪ್ಪು ಮನುಷ್ಯನಿಂದ ಮನುಷ್ಯನಿಗೆ ಬದಲಾಗುತ್ತದೆ, ಕೆಲವರ ಕೈ ತಾಗಿದ ಉಕ್ಕು ಬಲುಬೇಗ ತುಕ್ಕು ಹಿಡಿಯುತ್ತದೆ. ಬೇರಿಂಗಿನಂಥ ನಾಜೂಕು ಮಾಲು ಮಾಡುವ ಕಡೆ ಅಂಥವರಿಗೆ ಕೈಗವಸು ಕಡ್ಡಾಯ, ಇಲ್ಲವೇ ಬೇರೆ ಕೆಲಸ.

ಬೆವರಿನ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಂಡು ಕರಗುತ್ತದೆ. ಅಲಗಿನ ಮೇಲೆ ಕೂತ ಉಪ್ಪಿನ ಕಣವೂ ಅದನ್ನೇ ಮಾಡುತ್ತದೆ. ಹೀಗೆ ಇವಾನ್ಸರ ಹನಿ ಕಣ್ಣಿಗೆ ಕಾಣದ ಗಾತ್ರದಲ್ಲಿ, ಮಡಚಿದ ಹಿಡಿಯೊಳಗೇ ಸಿದ್ಧವಾಗುತ್ತದೆ. ಕೆಟ್ಟ ಸುದ್ದಿಯೆಂದರೆ ಉಪ್ಪಿನ ಕ್ಲೋರೈಡು ಈ ಕೆಲಸದಲ್ಲಿ ಖರ್ಚಾಗಿ ಮುಗಿಯುವುದಿಲ್ಲ. ಕಬ್ಬಿಣ ಕರಗಲು ನೆರವಾಗಿ, ತುಕ್ಕು ಗಟ್ಟಿಯಾದ ಮೇಲೆ ಬಿಡುಗಡೆಯಾಗಿ, ಮತ್ತೆ ಹೊಸ ಕಬ್ಬಿಣಕ್ಕೆ ಕೈಹಾಕುತ್ತದೆ.

ಆದ್ದರಿಂದ ಸಂಗ್ರಹದ ಚಾಕುವಿಗೆ ಅತಿ ದೊಡ್ಡ ಅಪಾಯ ಬರುವುದು ಅದನ್ನು ಮೆಚ್ಚಿ ನೋಡುವವರಿಂದ. ಕೈಗೆ ಕೊಟ್ಟ ಕೂಡಲೇ ಬಿಚ್ಚುತ್ತಾರೆ, ಹರಿತ ನೋಡಲು ಹೆಬ್ಬೆರಳು ಒತ್ತುತ್ತಾರೆ, ‘ಭಾಳ ಚೆನ್ನಾಗಿದೆ’ ಎಂದು ಮಡಚಿ ವಾಪಸು ಕೊಡುತ್ತಾರೆ. ಹೆಬ್ಬೆರಳಿನ ಗುರುತು ಒಳಗೆ ಹೋಯಿತು.

ಟ್ರಂಕಿನ ಹವೆ

ಬಯಲುಸೀಮೆಯ ಗಾಳಿ ಒಣಗಾಳಿ, ಮಂಗಳೂರಿನಲ್ಲಾದರೆ ಸರಿ, ನಮ್ಮಲ್ಲಿ ತುಕ್ಕು ಹಿಡಿಯಬಾರದಲ್ಲ ಎಂದು ಕೇಳುವವರಿದ್ದಾರೆ. 1930ರ ದಶಕದಲ್ಲಿ ಬ್ರಿಟನ್ನಿನ ವರ್ನನ್ ಎಂಬ ವಿಜ್ಞಾನಿ ತೋರಿಸಿದಂತೆ, ಕೊಳೆಯಾದ ಗಾಳಿಯಲ್ಲಿ ಕಬ್ಬಿಣದ ತುಕ್ಕು ಒಂದೇ ಸಮನೆ ಏರುವುದಿಲ್ಲ. ತೇವ ಸುಮಾರು ಶೇಕಡಾ 60 ದಾಟುವವರೆಗೆ ಅತ್ಯಲ್ಪ, ಆಮೇಲೆ ದಿಢೀರನೆ ಜೋರು. ನಮ್ಮ ಬೇಸಗೆಯ ಹಗಲಿನಲ್ಲಿ ಆ ಗೆರೆ ದಾಟುವುದೇ ಇಲ್ಲ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ದಿನಗಟ್ಟಲೆ ದಾಟಿರುತ್ತದೆ.

ಟ್ರಂಕು ಈ ವ್ಯತ್ಯಾಸವನ್ನು ಇನ್ನಷ್ಟು ಕೆಡಿಸುತ್ತದೆ. ಮಳೆಗಾಲದಲ್ಲಿ ಅದರೊಳಗಿನ ಬಟ್ಟೆ ಒದ್ದೆ ಗಾಳಿಯಿಂದ ತೇವ ಕುಡಿಯುತ್ತದೆ. ಮುಚ್ಚಳ ಹಾಕಿದ ಮೇಲೆ ಆ ತೇವ ಹೊರಹೋಗಲು ದಾರಿ ಇಲ್ಲ. ರಾತ್ರಿ ತಗಡು ತಣ್ಣಗಾದಾಗ ಲೋಹವೂ ತಣ್ಣಗಾಗಿ, ತೇವ ಅದರ ಮೇಲೆಯೇ ಬಂದು ಕೂರುತ್ತದೆ. ಚರ್ಮದ ಚೀಲ ಇನ್ನೂ ಒಂದು ಹೆಜ್ಜೆ ಮುಂದೆ. ಹದ ಮಾಡುವಾಗ ಸೇರಿದ ಆಮ್ಲ, ಲವಣಗಳು ಅದರಲ್ಲಿ ಉಳಿದಿರುತ್ತವೆ, ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಿತ್ತಾಳೆ ಭಾಗಕ್ಕೆ ಹಸಿರು ಕಿಲುಬು ಹತ್ತುವುದೂ ಬಹುಪಾಲು ಚರ್ಮದ ಸಹವಾಸದಿಂದಲೇ. ಚೀಲವೂ ಹಳೆಯದಾಗಿ ಚೆಂದವಿದ್ದರೆ ಇಟ್ಟುಕೊಳ್ಳಿ. ಚಾಕುವನ್ನು ಅದರ ಪಕ್ಕದಲ್ಲಿಡಿ, ಒಳಗಿಡಬೇಡಿ.

ಮಳೆಗೆ ಮೈಯೊಡ್ಡಿ ನಿಂತರೂ ಗಾಳಿಗೆ ಬೇಗ ಆರುವ ಕಬ್ಬಿಣ ಬಾಳುತ್ತದೆ. ಕೊಲ್ಲೂರಿನ ಮೇಲಿನ ಕೊಡಚಾದ್ರಿಯಲ್ಲಿ, ಅಷ್ಟು ಮಳೆ ಬೀಳುವ ಬೆಟ್ಟದ ಮೇಲೆ, ಬಯಲಲ್ಲೇ ನಿಂತಿರುವ ಕಬ್ಬಿಣದ ಕಂಬವನ್ನು ಚಾರಣಿಗರು ನೋಡಿರುತ್ತಾರೆ. ದಿಲ್ಲಿಯ ಪ್ರಸಿದ್ಧ ಕಂಬಕ್ಕಾದರೆ ಇನ್ನೊಂದು ಅನುಕೂಲವೂ ಇದೆ: ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದು ಮೇಲೊಂದು ರಕ್ಷಾಪದರ ಕಟ್ಟಲು ನೆರವಾಗಿದೆ.

ಒಗರಿನ ಕಪ್ಪು

ಇನ್ನು ಸಂಚಿಯ ಚಾಕು. ಅದಕ್ಕೂ ಬೆವರು ತಾಗಿದೆ, ದಿನಕ್ಕೆ ಹತ್ತು ಸಲ. ಬಾಯಿಯ ಎಂಜಲೂ ತಾಗಿರಬಹುದು. ದಿನಾ ಬಿಚ್ಚಿ ಮಡಚುವುದರಿಂದ ಕೀಲಿನಲ್ಲಿ ಗಾಳಿಯಾಡಿ ಆರಿತು, ಪಂಚೆಯ ಅಂಚಿಗೆ ಒರೆಸುವುದರಿಂದ ಉಪ್ಪು ಹೋಯಿತು ಎನ್ನುವುದು ಉತ್ತರದ ಅರ್ಧ ಮಾತ್ರ. ಉಳಿದರ್ಧ ಅದರ ಕಪ್ಪು ಬಣ್ಣದಲ್ಲಿದೆ.

ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಈಳಿಗೆಯೂ ಕಪ್ಪು, ಕೈಯೂ ಕಪ್ಪು. ಸ್ಟೀಲ್ ಚಾಕುವಿನಲ್ಲಿ ಹೆಚ್ಚಿದರೆ ಇಷ್ಟಾಗುವುದಿಲ್ಲ. ಬಾಳೆಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ವಸ್ತು ಕಬ್ಬಿಣದೊಂದಿಗೆ ಕೂಡಿ, ಗಾಳಿ ತಾಗಿ ಕಪ್ಪಾಗುವ ಆಟ ಇದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದೆ ಶಾಯಿ ಮಾಡುತ್ತಿದ್ದರಲ್ಲ, ಅದರಲ್ಲೂ ನಡೆಯುವುದು ಇದೇ: ಒಗರು ಅಳಲೆಯದು, ಕಬ್ಬಿಣ ಅನ್ನಭೇದಿಯದು. ಕಾಗದದ ಮೇಲೆ ಬರೆದ ಹೊತ್ತಿಗೆ ಪೇಲವ, ಗಾಳಿ ತಾಗಿದಂತೆ ಕಪ್ಪು.

ಒಗರಿನಲ್ಲಿ ಅಡಿಕೆಯನ್ನು ಮೀರಿಸುವ ಬೆಳೆ ನಮ್ಮ ಸೀಮೆಯಲ್ಲಿಲ್ಲ. ಎಳೆಯ ಕಾಯಿಯಲ್ಲಂತೂ ಟ್ಯಾನಿನ್ ತುಂಬಿರುತ್ತದೆ, ಬಲಿತು ಹಣ್ಣಾದಂತೆ ಇಳಿಯುತ್ತದೆ. ಕೆಂಪಡಿಕೆ ಮಾಡುವವರು ಸುಲಿದ ಕಾಯಿ ಬೇಯಿಸಿದ ನೀರನ್ನು ಇಂಗಿಸಿ ತೆಗೆಯುವ ಚೊಗರು ಬಹುಪಾಲು ಇದೇ ಒಗರಿನ ಸಾರ. ಅಡಿಕೆಗೆ ಬಣ್ಣ, ಹೊಳಪು ಕೊಡಲು ಅದನ್ನೇ ಹಚ್ಚುತ್ತಾರೆ. ಗುಬ್ಬಿ ಕಡೆ ಸುಗ್ಗಿಯಲ್ಲಿ ಅಡಿಕೆ ಸುಲಿಯುವವರ ಅಂಗೈ ತಿಂಗಳುಗಟ್ಟಲೆ ಕಪ್ಪಾಗಿರುತ್ತದೆ. ಸುಲಿಯುವ ಕತ್ತಿಯೂ ಕಪ್ಪು.

ಆ ಕಪ್ಪು ಕೊಳೆಯಲ್ಲ. ಅಲಗಿನ ಮೇಲ್ಮೈಯ ಕಬ್ಬಿಣವೇ ಒಗರಿನೊಂದಿಗೆ ಕೂಡಿ, ನೀರಿನಲ್ಲಿ ಕರಗದ ತೆಳು ಪದರವಾಗಿ ಅಲ್ಲೇ ಅಂಟಿಕೊಂಡಿರುವುದು. ಕೆಂಪು ತುಕ್ಕಿಗೆ ಇಲ್ಲದ ಗುಣ ಇದಕ್ಕಿದೆ: ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಉಬ್ಬಿ ಉದುರುವುದಿಲ್ಲ. ಪೂರಾ ಕವಚವೇನೂ ಅಲ್ಲ. ಆದರೆ ಮೇಲಿನ ನೀರಿಗೂ ಕೆಳಗಿನ ಕಬ್ಬಿಣಕ್ಕೂ ನಡುವೆ ಎಲೆಕ್ಟ್ರಾನು, ಆಮ್ಲಜನಕಗಳ ಓಡಾಟವನ್ನು ನಿಧಾನ ಮಾಡುತ್ತದೆ. ಅಡಿಕೆ ಕತ್ತರಿಸುತ್ತಿರುವವರೆಗೆ ದಿನವೂ ಹೊಸ ಪದರ.

ವಸ್ತುಸಂಗ್ರಹಾಲಯಗಳ ತಜ್ಞರು ಈ ಗುಣವನ್ನು ತಿಳಿದೇ ಬಳಸುತ್ತಾರೆ. ತುಕ್ಕು ಹಿಡಿದ ಪ್ರಾಚೀನ ಕಬ್ಬಿಣಕ್ಕೆ ಟ್ಯಾನಿಕ್ ಆಮ್ಲದ ದ್ರಾವಣ ಬಳಿಯುವುದು ಈ ರಂಗದಲ್ಲಿ ಹಳೆಯ ಪದ್ಧತಿ. ಕೆನಡಾದ ಸಂರಕ್ಷಣಾ ಸಂಸ್ಥೆ ಅದರ ವಿಧಾನವನ್ನೇ ಪ್ರಕಟಿಸಿದೆ. ಹಾಗೆಂದು ನಿಮ್ಮ ಚಾಕುವನ್ನು ಚೊಗರಿಗೆ ಅದ್ದಲು ಹೋಗಬೇಡಿ. ಬಳಕೆಯಿಂದ ಬಂದ ಕಪ್ಪು ಆ ಚಾಕುವಿನ ಚರಿತ್ರೆ, ಅದ್ದಿ ಬರಿಸಿದ್ದು ಬರೀ ಬಣ್ಣ.

ಸಂಚಿಯಲ್ಲಿ ಇನ್ನೊಬ್ಬ ಕಾವಲುಗಾರನಿದ್ದಾನೆ, ಸುಣ್ಣ. ಚಾಕುವಿನ ತುದಿಯಿಂದಲೇ ಡಬ್ಬಿಯ ಸುಣ್ಣ ತೆಗೆದು ಎಲೆಗೆ ಸವರುವವರು ಬಹಳ. ಒದ್ದೆ ಸುಣ್ಣ ತೀಕ್ಷ್ಣ ಕ್ಷಾರ. ಅಷ್ಟು ಕ್ಷಾರದಲ್ಲಿ ಕಬ್ಬಿಣ ತನ್ನ ಮೇಲೆ ತಾನೇ ಬಿಗಿಯಾದ ಪದರವೊಂದನ್ನು ಕಟ್ಟಿಕೊಂಡು ಸುಮ್ಮನಾಗುತ್ತದೆ. ಮನೆಯ ತಾರಸಿಯೊಳಗಿನ ಸರಳುಗಳು ದಶಕಗಟ್ಟಲೆ ಬಾಳುವುದು ಸಿಮೆಂಟಿನಲ್ಲಿರುವ ಇದೇ ಸುಣ್ಣದ ಕ್ಷಾರದಿಂದ. ಎಲೆಯಡಿಕೆ ಹಾಕುವ ಅಜ್ಜಿಯರ ಅಡಕತ್ತರಿಗಳು ಮೊಮ್ಮಕ್ಕಳ ಕಾಲಕ್ಕೂ ಉಳಿದು ಬಂದದ್ದರ ಹಿಂದೆ ಒಂದು ಕಡೆ ಅಡಿಕೆಯ ಒಗರು, ಇನ್ನೊಂದು ಕಡೆ ಸುಣ್ಣ, ಇವೆರಡರ ಪಾಲೂ ಇದೆ.

ಚರ್ಮ ಹದ ಮಾಡಲೂ ಟ್ಯಾನಿನ್ ಬಳಸುತ್ತಾರಲ್ಲ, ಚರ್ಮದ ಚೀಲ ಚಾಕುವನ್ನು ಏಕೆ ಕಾಯಲಿಲ್ಲ ಎಂದು ಜಾಣ ಓದುಗರು ಕೇಳಬಹುದು. ಒಗರಿನ ಪದರ ಕಟ್ಟಬೇಕಾದರೆ ಗಾಳಿ ಬೇಕು, ಕಟ್ಟಿದ ಮೇಲೆ ಆರಬೇಕು. ಚೀಲದೊಳಗೆ ಗಾಳಿಯೂ ಇಲ್ಲ, ಆರುವುದೂ ಇಲ್ಲ. ಇರುವುದು ತೇವ ಮತ್ತು ಆಮ್ಲ.

ಚನ್ನರಾಯನದುರ್ಗದ ಮೂಸೆ

ಹಳೆಯ ಚಾಕುಗಳು ಇಷ್ಟು ನಾಜೂಕಾಗಿರುವುದಕ್ಕೆ ಅವುಗಳ ಉಕ್ಕೇ ಕಾರಣ. ಮೆದು ಕಬ್ಬಿಣಕ್ಕೆ ಕೊಂಚ ಇಂಗಾಲ ಸೇರಿದರೆ ಗಟ್ಟಿಯಾಗಿ ಹರಿತ ನಿಲ್ಲುವ ಉಕ್ಕಾಗುತ್ತದೆ, ತುಕ್ಕಿನ ಸ್ವಭಾವ ಮಾತ್ರ ಹೋಗುವುದಿಲ್ಲ. ಈ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗ ಕೊರಟಗೆರೆ ತಾಲ್ಲೂಕಿನಲ್ಲಿರುವ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಹಸಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಂದಿಗೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆ ಹಾಕಿ, ಮಣ್ಣಿನಿಂದ ಬಾಯಿ ಮುಚ್ಚಿ ಬೆಂಕಿಗಿಡುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರುತ್ತಿತ್ತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕ ಇಂಥ ಮೂಸೆಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಬಂಧ ಪ್ರಕಟಿಸಿದವರಲ್ಲಿ ನಮ್ಮ ವಿಜ್ಞಾನ ಲೇಖಕ, ಭೂವಿಜ್ಞಾನಿ ಟಿ.ಆರ್. ಅನಂತರಾಮು ಅವರೂ ಒಬ್ಬರು.

ಇಂಥ ದಕ್ಷಿಣ ಭಾರತದ ಉಕ್ಕಿನ ಹಿಂದೆ ಬಿದ್ದ ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್, ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯ ಜೊತೆ ಸೇರಿ 1820ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧ ಬರೆದ. ಹರಿತವೂ ಇರಬೇಕು, ತುಕ್ಕೂ ಹಿಡಿಯಬಾರದು ಎನ್ನುವುದು ಅವರ ಆಸೆಗಳಲ್ಲೊಂದು. ಅದು ಕೈಗೂಡಲು 1913 ಬರಬೇಕಾಯಿತು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಆ ವರ್ಷ ಕ್ರೋಮಿಯಂ ಬೆರೆತ ಉಕ್ಕು ಎರಕ ಹೊಯ್ದ. ಸ್ಟೇನ್‌ಲೆಸ್ ಎನ್ನಿಸಿಕೊಳ್ಳಲು ಕ್ರೋಮಿಯಂ ಕನಿಷ್ಠ ಸುಮಾರು ಶೇಕಡಾ 10.5 ಇರಬೇಕು. ಗಾಳಿ ತಾಗಿದೊಡನೆ ಅದು ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ, ಗೀಚಿದರೆ ಮತ್ತೆ ಕಟ್ಟುತ್ತದೆ. ಇಲ್ಲೂ ಗಾಳಿ ಬೇಕು ಎನ್ನುವುದನ್ನು ಗಮನಿಸಿ. ಉಪ್ಪು ಸೇರಿದ ಮುಚ್ಚಿದ ಸಂದಿನಲ್ಲಿ ಸ್ಟೇನ್‌ಲೆಸ್ಸಿಗೂ ಚುಕ್ಕೆ ತುಕ್ಕು ಹಿಡಿಯುತ್ತದೆ.

ಉಜ್ಜುವ ಮೊದಲು

ಹಳೆ ಚಾಕು ಸಿಕ್ಕ ಕೂಡಲೇ ಹುಣಸೆಹಣ್ಣು, ನಿಂಬೆಹಣ್ಣು, ಎಮರಿ ಕಾಗದ ಹುಡುಕುವುದು ನಮ್ಮಲ್ಲಿ ಸಹಜ ಪ್ರವೃತ್ತಿ. ಹುಳಿ ಕೆಂಪನ್ನೂ ತೆಗೆಯುತ್ತದೆ, ಕಪ್ಪನ್ನೂ ತೆಗೆಯುತ್ತದೆ. ಎಮರಿ ಕಾಗದ ಅದರ ಜೊತೆಗೆ ಅಲಗಿನ ಬುಡದ ಮುದ್ರೆಯನ್ನೂ ಅಳಿಸುತ್ತದೆ. ಚಾಕುವಿನ ವಯಸ್ಸು, ಊರು ತಿಳಿಯುವುದು ಆ ಮುದ್ರೆಯಿಂದ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಗುರುತು 1682ರಷ್ಟು ಹಳೆಯದು. ಮುದ್ರೆಯೊಂದಿಗೆ ವಿಕ್ಟೋರಿಯಾ ರಾಣಿಯ ‘ವಿ ಆರ್’ ಅಕ್ಷರಗಳಿದ್ದರೆ ಚಾಕು 1901ಕ್ಕಿಂತ ಹಿಂದಿನದಿರಬೇಕು. ರಾಜರ್ಸ್ ಹೆಸರಿನ ನಕಲಿ ಮಾಲೂ ಬೇಕಾದಷ್ಟು ಓಡಾಡಿದೆ, ಹಾಗಾಗಿ ಅಕ್ಷರ ಎಷ್ಟು ನೀಟಾಗಿದೆ ಎನ್ನುವುದೂ ಸಾಕ್ಷ್ಯವೇ. ಸಾಣೆಯವರ ಚಕ್ರಕ್ಕೆ ಕೊಡುವುದು ಇನ್ನೂ ಕೆಡುಕು. ಕಿಡಿ ಹಾರುವಷ್ಟು ಒತ್ತಿ ಹಿಡಿದರೆ ಅಂಚು ನೂರಾರು ಡಿಗ್ರಿ ಬಿಸಿಯಾಗಿ ಹದ ಇಳಿಯುತ್ತದೆ. ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಆ ಭಾಗ ಮೆದುವಾಯಿತೆಂದೇ ಲೆಕ್ಕ.

ಬದಲಿಗೆ ಹೊಲಿಗೆ ಯಂತ್ರದ ಎಣ್ಣೆ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ ನೋಡಿ. ಹತ್ತಿಗೆ ಕೆಂಪು ಪುಡಿ ಬಂದರೆ ಅದು ತುಕ್ಕು, ತೆಗೆಯಬೇಕಾದದ್ದು. ಉಕ್ಕಿಗಿಂತ ಮೆದುವಾದ ಹಿತ್ತಾಳೆ ಚೂರಿನ ಅಂಚಿನಿಂದ, ಎಣ್ಣೆ ಹಚ್ಚಿ ಹೆರೆದರೆ ಕೆಂಪು ಉದುರುತ್ತದೆ, ಅಲಗಿಗೆ ಗೀರು ಬೀಳುವುದಿಲ್ಲ. ಕಪ್ಪೋ ಬೂದುಬಣ್ಣವೋ ಅಲಗಿಗೇ ಅಂಟಿ ನಿಂತಿದ್ದರೆ ಅದರ ತಂಟೆಗೆ ಹೋಗಬೇಡಿ. ಕೀಲು ಬಿಗಿದಿದ್ದರೆ ಇಕ್ಕಳ ಹಿಡಿಯಬೇಡಿ. ತೆಳು ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು, ಕೂದಲೆಳೆಯಷ್ಟು ಅಲುಗಿದರೆ ಮತ್ತೆ ಎಣ್ಣೆ.

ಎಣ್ಣೆಯ ವಿಷಯದಲ್ಲಿ ತಿಪಟೂರು ನಮ್ಮ ಜಿಲ್ಲೆಯಲ್ಲೇ ಇರುವಾಗ ಕೊಬ್ಬರಿ ಎಣ್ಣೆಯನ್ನು ಬಿಟ್ಟು ಬೇರೆ ಹೇಳುವುದು ಕಷ್ಟ. ಸೂರ್ಯಕಾಂತಿ, ಅಗಸೆ ಎಣ್ಣೆಗಳು ಗಾಳಿಗೆ ಅಂಟಾಗಿ ಕೀಲು ಕಟ್ಟುತ್ತವೆ, ಕೊಬ್ಬರಿ ಎಣ್ಣೆ ಹಾಗೆ ಅಂಟಾಗುವುದಿಲ್ಲ. ಆದರೆ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಕಮಟಾದರೆ ಆಮ್ಲ ಬಿಡುತ್ತದೆ. ದಿನಾ ಬಳಸುವ ಚಾಕುವಿಗೆ ಅಡ್ಡಿಯಿಲ್ಲ. ಎತ್ತಿಡುವ ಚಾಕುವಿಗೆ ಖನಿಜ ಎಣ್ಣೆಯೇ ಲೇಸು. ಸಂಗ್ರಹಾಲಯಗಳಲ್ಲಿ ಬಳಸುವ ಸೂಕ್ಷ್ಮ ಹರಳಿನ ಮೇಣ ಸಿಕ್ಕರೆ ಅಲಗಿಗೆ ಅದು ಇನ್ನೂ ಒಳ್ಳೆಯದು.

ಕರ್ಪೂರದ ವಾಸನೆ

ಒಣಗಿಸಿ, ಎಣ್ಣೆ ಹಚ್ಚಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟರೆ ಆಯಿತು ಎನ್ನುವಷ್ಟರಲ್ಲಿ ಒಂದು ಅಪವಾದ ಎದುರಾಗುತ್ತದೆ. ಹಿಂದಿನ ಶತಮಾನದ ಮೊದಲರ್ಧದ ಎಷ್ಟೋ ಚಾಕುಗಳ ಹಿಡಿ ಸೆಲ್ಯುಲಾಯ್ಡಿನದು. ಆಮೆ ಚಿಪ್ಪು, ಮುತ್ತು, ದಂತ ಯಾವ ವೇಷ ಬೇಕಾದರೂ ಅದು ಹಾಕುತ್ತಿತ್ತು. ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯ ನಾರು, ಅದಕ್ಕೆ ಕರ್ಪೂರ ಸೇರಿಸಿ ಮಾಡಿದ ಈ ಪ್ಲಾಸ್ಟಿಕ್ಕು ವಯಸ್ಸಾದಂತೆ ತಾನಾಗಿ ಕೊಳೆಯುತ್ತದೆ. ಕೊಳೆಯುವಾಗ ಹೊರಬರುವ ಅನಿಲ ತೇವದೊಂದಿಗೆ ಸೇರಿದರೆ ಮತ್ತೆ ನೈಟ್ರಿಕ್ ಆಮ್ಲ. ಮೊದಲು ತನ್ನ ಅಲಗನ್ನು ತಿನ್ನುತ್ತದೆ, ಆಮೇಲೆ ಅದೇ ಡಬ್ಬಿಯ ಪಕ್ಕದ ಚಾಕುಗಳನ್ನು. ಬಿಗಿ ಡಬ್ಬಿ ಇಲ್ಲಿ ವಿಷದ ಕೋಣೆಯಾಗುತ್ತದೆ: ಅನಿಲ ಒಳಗೇ ಉಳಿದು ಕೊಳೆತವನ್ನು ಇನ್ನಷ್ಟು ಬಿರುಸು ಮಾಡುತ್ತದೆ.

ಹಿಡಿಯನ್ನು ಬಟ್ಟೆಯಿಂದ ಜೋರಾಗಿ ತಿಕ್ಕಿ ಮೂಗಿಗೆ ಹಿಡಿಯಿರಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡು. ಹಿಡಿ ಹಳದಿಗಟ್ಟಿ ಜೇಡನ ಬಲೆಯಷ್ಟು ಸಣ್ಣ ಬಿರುಕು ಬಿಟ್ಟಿದ್ದರೆ, ಒಳತಗಡಿನ ಹಿತ್ತಾಳೆ ಹಸಿರಾಗಿದ್ದರೆ ಕೊಳೆತ ಶುರುವಾಗಿದೆ. ಅಂಥವನ್ನು ಉಳಿದವುಗಳಿಂದ ಬೇರೆ ಮಾಡಿ, ಗಾಳಿಯಾಡುವ ತಂಪಾದ ಜಾಗದಲ್ಲಿ, ಬಿಸಿಲು ಮತ್ತು ಬೆಂಕಿಯಿಂದ ದೂರ ಇಡಬೇಕು. ಸೆಲ್ಯುಲಾಯ್ಡು ಭಗ್ಗನೆ ಹತ್ತಿಕೊಳ್ಳುತ್ತದೆ. ಟೇಬಲ್ ಟೆನಿಸ್ ಚೆಂಡುಗಳನ್ನೂ 2014ರ ಸುಮಾರಿಗೆ ಬೇರೆ ಪ್ಲಾಸ್ಟಿಕ್ಕಿಗೆ ಬದಲಾಯಿಸಿದ್ದಕ್ಕೆ ಈ ಗುಣವೂ ಒಂದು ಕಾರಣ.

ಹಿಡಿಯ ಮಾತು ಬಂದಾಗ ಇನ್ನೊಂದು ಎಚ್ಚರಿಕೆ. ಹಳೆಯ ವಿಲಾಯಿತಿ ಚಾಕುಗಳಲ್ಲಿ ಕಡವೆ, ಜಿಂಕೆಯ ಕೊಂಬು, ಆನೆದಂತ ಸಾಮಾನ್ಯ. ಇಂಥ ವಸ್ತುಗಳ ಮಾರಾಟ, ಖರೀದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಡಿವಾಣವಿದೆ. ಗುಜರಿಯವನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೊಳ್ಳಬೇಡಿ.

ಉಳಿದ ಚಾಕುಗಳನ್ನು ವರ್ಷಕ್ಕೆರಡು ಸಲ ತೆಗೆದು ನೋಡಿದರೆ ಸಾಕು: ಮಳೆಗಾಲ ಹಿಡಿಯುವ ಮೊದಲೊಮ್ಮೆ, ನವರಾತ್ರಿಯ ಹೊತ್ತಿಗೊಮ್ಮೆ. ನವರಾತ್ರಿ ಬರುವ ಸೆಪ್ಟೆಂಬರ್, ಅಕ್ಟೋಬರೇ ನಮ್ಮ ಕಡೆ ಮಳೆ ಜೋರಾಗಿರುವ ತಿಂಗಳುಗಳಾದ್ದರಿಂದ ಆಯುಧಪೂಜೆ ಸರಿಯಾದ ಗಳಿಗೆಗೇ ಬರುತ್ತದೆ. ಪೂಜೆಗಿಡುವ ಚಾಕುವನ್ನು ತೊಳೆಯಬೇಡಿ, ಒರೆಸಿ. ಕುಂಕುಮವನ್ನು ಒಣಗಿದ್ದೇ ಹಚ್ಚಿ, ಅದೂ ಕೀಲಿನಿಂದ ದೂರ, ಹಿಡಿಯ ಮೇಲೆ. ಮಾರನೆಯ ದಿನ ಎಣ್ಣೆಯ ಬಟ್ಟೆಯಿಂದ ಒರೆಸಿ, ಎರಡು ಸಲ ಬಿಚ್ಚಿ ಮಡಚಿ, ಬೆರಳು ಅಲಗಿಗೆ ತಾಗದಂತೆ ಎತ್ತಿಡಿ.